ಗಾಳಿ ಸೋಸುವ ಯಂತ್ರ: ಕೊಳ್ಳುವ ಮೊದಲು ನಾಲ್ಕು ಮಾತು

ಗಾಳಿ ಬಂದಾಗ ತೂರಿಕೋ ಎಂಬುದು ನಮ್ಮ ಹಿರಿಯರು ಹೇಳಿದ ಗಾದೆ. ಅಂಗಳದಲ್ಲಿ ಮೊರ ಹಿಡಿದು ನಿಂತವನಿಗೆ ಗಾಳಿ ಹೊಟ್ಟನ್ನು ಹಾರಿಸಿ ಕಾಳನ್ನು ಉಳಿಸಿಕೊಡುತ್ತಿತ್ತು. ಗಾಳಿಯೆಂದರೆ ಶುದ್ಧಿ ಮಾಡುವ ವಸ್ತು. ಅದನ್ನೇ ಶುದ್ಧಿ ಮಾಡಬೇಕಾದ ಕಾಲ ಬಂದೀತೆಂದು ಆ ಹಿರಿಯರು ಕನಸಿನಲ್ಲಿಯೂ ಎಣಿಸಿರಲಾರರು. ಇಂದು ಪೇಟೆಯ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಮಿಕ್ಸಿ, ಫ್ಯಾನುಗಳ ಸಾಲಿನಲ್ಲಿಯೇ ಗಾಳಿ ಸೋಸುವ ಯಂತ್ರ, ಅಂದರೆ ಏರ್ ಪ್ಯೂರಿಫಯರ್, ಬಂದು ಕುಳಿತಿದೆ. ದೆಹಲಿಯವರಿಗೆ ಮಾತ್ರ ಬೇಕಾದ ವಸ್ತುವೆಂದು ನಾವು ತಿಳಿದಿದ್ದ ಈ ಪೆಟ್ಟಿಗೆಯನ್ನು ಈಗ ಸಣ್ಣ ಊರುಗಳ ಸಾಧಾರಣ ಸಂಸಾರದವರೂ ವಿಚಾರಿಸುತ್ತಿದ್ದಾರೆ. ವಿಚಾರಿಸುವುದು ತಪ್ಪಲ್ಲ. ಆದರೆ ಹತ್ತಿಪ್ಪತ್ತು ಸಾವಿರ ರೂಪಾಯಿಯ ವಸ್ತುವನ್ನು ತಂದು, ನಾಲ್ಕು ದಿನ ಓಡಿಸಿ, ಬಳಿಕ ಅಟ್ಟಕ್ಕೇರಿಸುವುದು ಮಾತ್ರ ತಪ್ಪೇ ಸರಿ. ಹಾಗಾಗದಿರಲೆಂದು ಈ ನಾಲ್ಕು ಮಾತುಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಗಡಿಯಾಚೆಯ ನೆಂಟರು

ಕಳೆದ ಚಳಿಗಾಲದಲ್ಲಿ ನಾವು ತೆಲಂಗಾಣದ ಶಾಂತಿನಗರಕ್ಕೆ ಹೋಗಬೇಕಾಗಿ ಬಂತು. ಜೋಗುಳಾಂಬ ಗದ್ವಾಲ ಜಿಲ್ಲೆಯ ವಡ್ಡೇಪಲ್ಲಿ ಮಂಡಲದ ಪೇಟೆಯಿದು. ಆ ಸೀಮೆಗೂ ನಮ್ಮ ಕಾಸರಗೋಡಿಗೂ ಒಂದು ನಂಟಿದೆ. 1956ರ ನವಂಬರ 1ರಂದು ಭಾಷಾವಾರು ಪ್ರಾಂತ್ಯಗಳ ರಚನೆಯಾದಾಗ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕನ್ನು ಬೇರ್ಪಡಿಸಿ ಕೇರಳಕ್ಕೆ ಸೇರಿಸಿದ ಅದೇ ಕಾನೂನು, ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲೂಕುಗಳನ್ನು ಬೇರ್ಪಡಿಸಿ ಆಂಧ್ರಕ್ಕೆ ಕೊಟ್ಟಿತು. ಇತ್ತ ನಾವು, ಅತ್ತ ಅವರು. ನಾರಾಯಣಪೇಟೆ, ಮಕ್ತಲ, ಕೃಷ್ಣಾ ಕಡೆಗಳಲ್ಲಿ ಇಂದಿಗೂ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ನಮ್ಮಲ್ಲಿ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲೆಯಾಳ ಇದ್ದ ಹಾಗೆ.

ನಾವು ಇಳಿದುಕೊಂಡದ್ದು ಮಂಜೇಶ್ವರ ಕಡೆಯಿಂದ ಆ ಸೀಮೆಗೆ ಮದುವೆಯಾಗಿ ಹೋದ ಒಬ್ಬ ಹೆಣ್ಣುಮಗಳ ಮನೆಯಲ್ಲಿ. ಗಂಡನಿಗೆ ಬ್ಯಾಂಕಿನಲ್ಲಿ ಉದ್ಯೋಗ. ಏಳು ವರ್ಷದ ಒಬ್ಬ ಮಗ. ರಾಯಚೂರು ಕಡೆಯ ವೃದ್ಧೆ ಅತ್ತೆ. ಹುಡುಗನಿಗೆ ಚಳಿಗಾಲ ಬಂತೆಂದರೆ ಉಬ್ಬಸ. ನಸುಕಿನ ಮೂರು ನಾಲ್ಕು ಗಂಟೆಗೆ ಎದ್ದು ಕುಳಿತು ಸುಂಯ್‌ ಸುಂಯ್‌ ಎಂದು ಉಸಿರೆಳೆಯುವ ಮಗುವನ್ನು ಎದೆಗೊರಗಿಸಿಕೊಂಡು ಬೆಳಗು ಮಾಡುವ ತಾಯಿಯ ಪಾಡನ್ನು ಅನುಭವಿಸಿದವರೇ ಬಲ್ಲರು. ಡಾಕ್ಟರರ ಔಷಧಿ ನಡೆಯುತ್ತಿತ್ತು. ಅದರ ಜೊತೆಗೆ ಇದೂ ಇರಲಿ ಎಂದು ಹಿಂದಿನ ದೀಪಾವಳಿಯ ಸಮಯದಲ್ಲಿ ಒಂದು ಗಾಳಿಯಂತ್ರವನ್ನು ತಂದಿದ್ದರು.

ಯಂತ್ರ ಬಂದು ಒಂದು ತಿಂಗಳಾದರೂ ಹುಡುಗನ ಉಬ್ಬಸ ಎಳ್ಳಷ್ಟೂ ಇಳಿಯಲಿಲ್ಲ. ಯಂತ್ರವೇ ಮೋಸದ್ದೆಂದು ಗಂಡ, ಔಷಧಿ ಸಾಲದೆಂದು ಹೆಂಡತಿ. ಕೊನೆಗೆ ಒಂದು ರಾತ್ರಿ ನೀರು ಕುಡಿಯಲೆಂದು ಎದ್ದ ಸೊಸೆಗೆ ನಿಜ ಸಂಗತಿ ಗೊತ್ತಾಯಿತು. ಹುಡುಗ ಮಲಗುವುದು ಅಜ್ಜಿಯ ಕೋಣೆಯಲ್ಲಿ. ಎಲ್ಲರೂ ನಿದ್ದೆ ಹೋದ ಮೇಲೆ ಅಜ್ಜಿ ಮೆಲ್ಲನೆ ಎದ್ದು ಯಂತ್ರದ ಸ್ವಿಚ್ಚನ್ನು ಆರಿಸಿ ಮಲಗುತ್ತಿದ್ದರು! ಕೇಳಿದರೆ, “ಆ ಗಿರಣಿ ಸಪ್ಪಳಕ್ಕ ನಿದ್ದಿ ಹತ್ತವಲ್ದವ್ವಾ, ಏನ್ ಮಾಡ್ಲಿ?” ಎಂದರು.

ಅತ್ತೆಯ ಮೇಲೆ ಸೊಸೆಗೆ ಸಿಟ್ಟು ಬಂದದ್ದು ಸಹಜ. ಆದರೆ ತಪ್ಪು ಅತ್ತೆಯದಲ್ಲ. ನಿದ್ದೆ ಕೆಡಿಸುವ ಯಂತ್ರವನ್ನು ಮಲಗುವ ಕೋಣೆಗೆ ತಂದವರದು. ಅದಕ್ಕಿಂತ ಹೆಚ್ಚಾಗಿ, ಅದರ ಸದ್ದಿನ ವಿಚಾರವನ್ನು ಅರ್ಧ ಮಾತ್ರ ಹೇಳಿ ಮಾರಿದವರದು. ಶಾಂತಿನಗರದ ಆ ಮನೆಯಲ್ಲಿ ಶಾಂತಿ ಕೆಡಿಸಿದ ಈ ಯಂತ್ರದ ಕಥೆಯೇ ನಮ್ಮ ಈ ಲೇಖನಕ್ಕೆ ಕಾರಣ.

ಗಾಳಿಯಲ್ಲಿ ಏನಿದೆ?

ಯಂತ್ರದ ವಿಚಾರಕ್ಕೆ ಮೊದಲು ವೈರಿಯ ವಿಚಾರ ತಿಳಿಯಬೇಕು. ಬಿಸಿಲಿನ ಕೋಲಿನಲ್ಲಿ ಕುಣಿಯುವ ಧೂಳಿನ ಕಣ ನಮ್ಮ ಕಣ್ಣಿಗೆ ಕಾಣುತ್ತದೆ. ಅಂತಹುದನ್ನು ಬಹುಮಟ್ಟಿಗೆ ಮೂಗಿನ ಕೂದಲು, ಗಂಟಲಿನ ಲೋಳೆ ತಡೆದು ಹೊರದೂಡುತ್ತವೆ. ಕಣ್ಣಿಗೆ ಕಾಣದ ಕಣಗಳದೇ ನಿಜವಾದ ಕಾಟ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ತುತ್ತತುದಿಗೆ ಹೋಗಿ ಕುಳಿತುಕೊಳ್ಳುತ್ತವೆ. ಅವುಗಳಲ್ಲಿಯೂ ಅತಿ ಸಣ್ಣವು ರಕ್ತಕ್ಕೂ ಸೇರಬಲ್ಲವು. ಇವುಗಳನ್ನೇ ಪಿ.ಎಂ. 2.5 ಎಂದು ಕರೆಯುವುದು. ಒಂದು ಘನ ಮೀಟರ್ ಗಾಳಿಯಲ್ಲಿ ಇದರ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂದು ಭಾರತ ಸರಕಾರ 2009ರಲ್ಲಿ ನಿಗದಿ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯಾದರೋ 2021ರಲ್ಲಿ ಈ ಮಿತಿಯನ್ನು 5ಕ್ಕೆ ಇಳಿಸಿತು.

ಶಾಂತಿನಗರದ ಸುತ್ತಮುತ್ತ ಹತ್ತಿಯ ಬೆಳೆ ಹೆಚ್ಚು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಅದರ ನಾರು, ಧೂಳು ಎಲ್ಲೆಲ್ಲಿಯೂ. ಹತ್ತಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಎದೆ ಬಿಗಿಯುವ ಬಿಸಿನೋಸಿಸ್ ಎಂಬ ಕಾಯಿಲೆ ಬರುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ರಜೆ ಕಳೆದು ಕೆಲಸಕ್ಕೆ ಹೋದ ಮೊದಲ ದಿನ ಅದರ ಬಾಧೆ ಹೆಚ್ಚು. ಬೆಳೆ ಮುಗಿದ ಮೇಲೆ ಹತ್ತಿಕಟ್ಟಿಗೆಗೆ ಬೆಂಕಿ, ಗದ್ದೆಯ ಕೂಳೆಗೆ ಬೆಂಕಿ. ಚಳಿಗಾಲದ ನಸುಕಿನಲ್ಲಿ ತಣ್ಣನೆಯ ಗಾಳಿ ನೆಲಕ್ಕಂಟಿ ನಿಲ್ಲುವುದರಿಂದ ಹೊಗೆ ಮೇಲೇರದೆ ಊರಿನಲ್ಲಿಯೇ ಕವುಚಿ ಕುಳಿತುಕೊಳ್ಳುತ್ತದೆ. ಅತ್ತ ಕೃಷ್ಣಾ ನದಿಯ ಆಚೆ ದಡದಲ್ಲಿ, ಕೃಷ್ಣಾ ಮಂಡಲದವರ ಕಣ್ಣಿಗೆ ಕಾಣುವ ಹಾಗೆ, ರಾಯಚೂರಿನ ಶಕ್ತಿನಗರದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿದೆ. 1985ರಲ್ಲಿ ಮೊದಲ ಘಟಕದಿಂದ ಆರಂಭವಾಗಿ ಎಂಟು ಘಟಕಗಳಿಗೆ, 1720 ಮೆಗಾವಾಟಿಗೆ ಬೆಳೆದ ಸ್ಥಾವರವದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪ್ರಮಾಣ ಹೆಚ್ಚು; ಮೂರರಲ್ಲಿ ಒಂದು ಪಾಲಿನಷ್ಟು ಬೂದಿಯೇ ಇರುವುದುಂಟು. ಚಿಮಣಿಯಲ್ಲಿ ಬೂದಿ ಹಿಡಿಯುವ ಸಾಧನಗಳು ಎಷ್ಟೇ ಇದ್ದರೂ, ಶಕ್ತಿ ಬೇಕೆಂದವರು ಅದರ ಬೂದಿಯ ಲೆಕ್ಕವನ್ನೂ ಇಟ್ಟುಕೊಳ್ಳಲೇಬೇಕು.

ಇನ್ನು ನಮ್ಮೂರಿನ ಗಾಳಿ ಶುದ್ಧವೆಂದು ಹಿಗ್ಗುವಂತಿಲ್ಲ. ಮುರಕಲ್ಲಿನ ಕೋರೆಗಳ ಕೆಂಪು ಧೂಳು, ಹೆದ್ದಾರಿ ಅಗಲ ಮಾಡುವಾಗ ತಲಪಾಡಿಯಿಂದ ಆಚೆ ಉದ್ದಕ್ಕೂ ತಿಂದ ಧೂಳು, ಮಳೆಗಾಲದ ನಾಲ್ಕು ತಿಂಗಳು ಗೋಡೆಗೂ ಬಟ್ಟೆಗೂ ಹಿಡಿಯುವ ಬೂಷ್ಟು. ಬೂಷ್ಟಿನ ಬೀಜಕಣಗಳೂ ಗಾಳಿಯಲ್ಲಿ ಹಾರಿ ಉಬ್ಬಸದವರನ್ನು ಕಾಡುತ್ತವೆ.

ಮನೆಯೊಳಗಿನ ವೈರಿ

ಹೊರಗಿನದಕ್ಕಿಂತ ಒಳಗಿನದೇ ಹೆಚ್ಚಿರುವುದುಂಟು. ಶಾಂತಿನಗರದ ಆ ಮನೆಯಲ್ಲಿ ಹುಡುಗನ ಮಂಚದ ಕೆಳಗೆ ಪ್ರತಿ ರಾತ್ರಿಯೂ ಸೊಳ್ಳೆಬತ್ತಿ ಉರಿಯುತ್ತಿತ್ತು. ಒಂದು ಸುರುಳಿ ಉರಿದು ಮುಗಿಯುವಾಗ ಹೊರಬೀಳುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟು ಸುಟ್ಟಷ್ಟಕ್ಕೆ ಸಮ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಒಂದು ಮೂಲೆಯಲ್ಲಿ ಬತ್ತಿ ಉರಿಸಿ ಇನ್ನೊಂದು ಮೂಲೆಯಲ್ಲಿ ಯಂತ್ರ ಓಡಿಸುವುದೆಂದರೆ ದೋಣಿಗೆ ತೂತು ಕೊರೆದು ನೀರು ಮೊಗೆಯಲು ಕುಳಿತಂತೆ. ಸೊಳ್ಳೆಪರದೆ ಕಟ್ಟಿದರೆ ಸೊಳ್ಳೆಯೂ ಬಾರದು, ಹೊಗೆಯೂ ಇಲ್ಲ, ಕರೆಂಟಿನ ಖರ್ಚೂ ಇಲ್ಲ. ದೇವರ ಕೋಣೆಯ ಊದುಬತ್ತಿ, ಸಾಂಬ್ರಾಣಿಯ ಹೊಗೆಗೂ ಇದೇ ಮಾತು. ಭಕ್ತಿಗೆ ಒಂದು ಎಣ್ಣೆಯ ದೀಪ ಸಾಕು.

ಅಡುಗೆಯ ಒಲೆಯ ವಿಚಾರ ಇನ್ನೂ ದೊಡ್ಡದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದನ್ನು ನಮ್ಮವರು ಮೊದಲೇ ಕಂಡುಕೊಂಡಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಹೊಗೆಯನ್ನು ಕೊಳವೆಯ ಮೂಲಕ ಮಾಡಿನಿಂದ ಹೊರಗಟ್ಟುವ, ಸೌದೆಯನ್ನೂ ಉಳಿಸುವ ಒಲೆಯನ್ನು ರೂಪಿಸಿ ಕರ್ನಾಟಕದ ಹಳ್ಳಿಗಳಿಗೆ ಮುಟ್ಟಿಸಿದರು. ‘ಅಸ್ತ್ರ ಒಲೆ’ ಎಂಬ ಹೆಸರು ಹಿರಿಯ ಓದುಗರಿಗೆ ನೆನಪಿರಬಹುದು. ಈಗ ಗ್ಯಾಸಿನ ಒಲೆ ಬಂದಿದ್ದರೂ ಸ್ನಾನದ ನೀರಿಗೆ, ಭತ್ತ ಬೇಯಿಸಲು ಬೆಂಕಿ ಇದ್ದೇ ಇದೆ. ಆ ಹೊಗೆಗೆ ದಾರಿ ಮಾಡಿಕೊಡದೆ ಯಂತ್ರ ತಂದು ಪ್ರಯೋಜನವಿಲ್ಲ.

ಯಂತ್ರ ಮಾಡುವುದೇನು?

ಹೆಸರು ದೊಡ್ಡದಾದರೂ ಯಂತ್ರದ ಕೆಲಸ ಸರಳ. ಒಳಗೊಂದು ಫ್ಯಾನು, ಅದರ ಮುಂದೆ ಮಡಿಕೆ ಮಡಿಕೆಯಾಗಿ ಜೋಡಿಸಿದ ನಾರಿನ ಹಾಳೆಯ ಜರಡಿ. ಗಾಳಿಯನ್ನು ಎಳೆದು, ಸೋಸಿ, ಹೊರಗೆ ಬಿಡುತ್ತದೆ. ಈ ಜರಡಿಗೆ ‘ಹೆಪಾ’ ಎಂದು ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಣುಬಾಂಬಿನ ಕಾರ್ಯದಲ್ಲಿ ತೊಡಗಿದವರನ್ನು ವಿಕಿರಣದ ಧೂಳಿನಿಂದ ಕಾಪಾಡಲೆಂದು ಹುಟ್ಟಿದ ಸಾಧನವಿದು. 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ಹಿಡಿದರೆ ಮಾತ್ರ ಅದು ಹೆಪಾ. 0.3 ಎಂಬುದನ್ನೇ ಏಕೆ ಹೇಳುತ್ತಾರೆಂದರೆ, ಅದಕ್ಕಿಂತ ದೊಡ್ಡ ಕಣಗಳು ನೇರವಾಗಿ ನಾರಿಗೆ ಬಡಿದು ಅಂಟಿಕೊಳ್ಳುತ್ತವೆ; ಅದಕ್ಕಿಂತ ಬಹಳ ಸಣ್ಣವು ಅತ್ತಿತ್ತ ತತ್ತರಿಸಿ ಹಾರುವುದರಿಂದ ಎಲ್ಲಾದರೊಂದು ಕಡೆ ನಾರಿಗೆ ಸಿಕ್ಕಿಬೀಳುತ್ತವೆ; ಈ ನಡುವಿನ ಗಾತ್ರದ್ದೇ ತಪ್ಪಿಸಿಕೊಳ್ಳುವುದರಲ್ಲಿ ಗಟ್ಟಿಗ. ಯುರೋಪಿನ ಲೆಕ್ಕದಲ್ಲಿ ಇದಕ್ಕೆ ಹತ್ತಿರದ ದರ್ಜೆ ಎಚ್ 13. ‘ಹೆಪಾ ಮಾದರಿಯದು’, ‘ಹೆಪಾದಂತಹುದು’ ಎಂದು ಬರೆದಿದ್ದರೆ ಅದು ಹೆಪಾ ಅಲ್ಲವೆಂದೇ ತಿಳಿಯಬೇಕು.

ಹೆಪಾ ಹಿಡಿಯುವುದು ಕಣಗಳನ್ನು ಮಾತ್ರ. ವಾಸನೆ, ಬಣ್ಣದ ಘಾಟು ಮುಂತಾದ ಅನಿಲಗಳಿಗೆ ಇದ್ದಿಲಿನ ಜರಡಿ ಬೇಕು. ತೆಳ್ಳಗೆ ಇದ್ದಿಲುಪುಡಿ ಸವರಿದ ಹಾಳೆ ಹೆಚ್ಚು ದಿನ ಬಾಳದು. ಒಳ್ಳೆಯ ತೂಕದ ಇದ್ದಿಲು ಇದ್ದರಷ್ಟೇ ಉಪಯೋಗ. ಇನ್ನೊಂದನ್ನು ಚೆನ್ನಾಗಿ ನೆನಪಿಡಬೇಕು: ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ಪ್ರಾಣಾಂತಿಕ ಅನಿಲವನ್ನು ಈ ಯಂತ್ರ ತೆಗೆಯಲಾರದು. ಯಂತ್ರವಿದೆಯೆಂದು ಧೈರ್ಯ ಮಾಡಬಾರದು.

‘ಅಯಾನು’ ಬಿಡುವ, ‘ಓಝೋನ್’ ಬಿಡುವ ಯಂತ್ರಗಳೂ ಉಂಟು. ಮಳೆ ಬಿದ್ದ ಕಾಡಿನ ಪರಿಮಳವೆಂದು ಹೊಗಳಿ ಮಾರುತ್ತಾರೆ. ಓಝೋನ್ ಆಕಾಶದ ಎತ್ತರದಲ್ಲಿದ್ದರೆ ನಮಗೆ ಕೊಡೆ; ಮಲಗುವ ಕೋಣೆಯಲ್ಲಿದ್ದರೆ ಶ್ವಾಸಕೋಶಕ್ಕೆ ವಿಷ. ಶಾಂತಿನಗರದ ಮನೆಯ ಯಂತ್ರದಲ್ಲಿಯೂ ಅಯಾನಿನ ಗುಂಡಿಯೊಂದಿತ್ತು. ಅದನ್ನು ಒತ್ತಿದರೆ ಸುಟ್ಟ ತಂತಿಯಂತಹ ಒಂದು ವಾಸನೆ. ಅಂತಹ ಗುಂಡಿಯಿದ್ದರೆ ಆರಿಸಿಯೇ ಇಡಬೇಕು. ಆರಿಸಲು ಬಾರದಂತಹುದನ್ನು ಕೊಳ್ಳಲೇಬಾರದು.

ಇನ್ನು ಗಿಡಗಳ ಮಾತು. ಕುಂಡದಲ್ಲಿ ನಾಲ್ಕು ಗಿಡವಿಟ್ಟರೆ ಕೋಣೆಯ ಗಾಳಿ ಶುದ್ಧವಾಗುತ್ತದೆಂಬ ನಂಬಿಕೆ 1989ರ ಅಮೆರಿಕದ ಒಂದು ಪ್ರಯೋಗದಿಂದ ಹಬ್ಬಿತು. ಅದು ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ ನಡೆದ ಪ್ರಯೋಗ. ಅಂತಹ ಪ್ರಯೋಗಗಳ ಲೆಕ್ಕವನ್ನು 2019ರಲ್ಲಿ ಪುನಃ ಪರಿಶೀಲಿಸಿದವರು, ನಿಜವಾದ ಮನೆಯಲ್ಲಿ ಅಷ್ಟು ಫಲ ಸಿಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ ಕನಿಷ್ಠ ಹತ್ತು ಗಿಡವಾದರೂ ಬೇಕೆಂದು ತೋರಿಸಿದರು. ಗಿಡ ಬೆಳೆಸಿರಿ, ಕಣ್ಣಿಗೆ ತಂಪು. ಉಬ್ಬಸಕ್ಕೆ ಮದ್ದೆಂದು ತಿಳಿಯಬೇಡಿರಿ.

ಎರಡು ಅಂಕೆಗಳು

ಯಂತ್ರದ ಜೊತೆಗೆ ಬರುವ ಪುಸ್ತಿಕೆಯಲ್ಲಿ ಇಂಗ್ಲಿಷ್ ಇರುತ್ತದೆ, ಹಿಂದಿ ಇರುತ್ತದೆ. ಅಂಗಡಿಯವನು ವಿವರಿಸುವುದು ಅಲ್ಲಿ ತೆಲುಗಿನಲ್ಲಿ, ಇಲ್ಲಿ ಮಲೆಯಾಳದಲ್ಲಿ. ನಮ್ಮ ಭಾಷೆ ಎಲ್ಲಿಯೂ ಇಲ್ಲವೆಂದು ಹಿಂಜರಿಯಬೇಕಾಗಿಲ್ಲ. ಯಂತ್ರವನ್ನು ಆರಿಸಲು ಎರಡು ಅಂಕೆಗಳು ಸಾಕು. ಅಂಕೆಗಳಿಗೆ ಭಾಷೆಯ ಹಂಗಿಲ್ಲ.

ಒಂದನೆಯದು ಸಿ.ಎ.ಡಿ.ಆರ್. ಯಂತ್ರ ಒಂದು ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆಂಬ ಲೆಕ್ಕವಿದು. ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದುದನ್ನು 35ರಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯೆಂದರೆ 1200 ಘನ ಅಡಿ, ಸುಮಾರು 34 ಘನ ಮೀಟರ್. ರೋಗಿ ಮಲಗುವ ಕೋಣೆಯ ಗಾಳಿ ಗಂಟೆಗೆ ಐದು ಬಾರಿಯಾದರೂ ಸೋಸಿ ಬರಬೇಕು. 34ನ್ನು ಐದರಿಂದ ಗುಣಿಸಿದರೆ 170. ಇದಕ್ಕಿಂತ ಕಡಿಮೆಯದು ಸಾಲದು. ‘ನಾನೂರು ಚದರಡಿಯ ಕೋಣೆಗೆ ಸಾಕು’ ಎಂದು ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬಬೇಡಿರಿ. ಗಂಟೆಗೆ ಒಂದೆರಡು ಬಾರಿ ಸೋಸಿದರೂ ‘ಸಾಕು’ ಎನ್ನುವವರಿದ್ದಾರೆ.

ಎರಡನೆಯದು ಡೆಸಿಬೆಲ್, ಅಂದರೆ ಸದ್ದಿನ ಅಳತೆ. ಪಿಸುಮಾತಿಗೆ ಸುಮಾರು 30, ಇಬ್ಬರ ಸಾಧಾರಣ ಮಾತುಕತೆಗೆ ಸುಮಾರು 60. ಇದು ಬೆಲೆಯ ಹಾಗೆ ಏರುವ ಅಂಕೆಯಲ್ಲ. ಹತ್ತು ಹೆಚ್ಚಾದರೆ ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳಿಸುತ್ತದೆ.

ಇಲ್ಲಿಯೇ ವ್ಯಾಪಾರದ ಗುಟ್ಟು ಇರುವುದು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಗಾಳಿಯ ಅಂಕೆ ಯಂತ್ರ ಅತ್ಯಂತ ವೇಗದಲ್ಲಿ ಓಡುವಾಗಿನದು. ಪಕ್ಕದಲ್ಲಿಯೇ ಅಚ್ಚಾಗುವ ಕಡಿಮೆ ಸದ್ದಿನ ಅಂಕೆಯೋ, ಅತ್ಯಂತ ನಿಧಾನವಾಗಿ ಓಡುವಾಗಿನದು. ಎರಡೂ ಸುಳ್ಳಲ್ಲ, ಆದರೆ ಎರಡೂ ಒಟ್ಟಿಗೆ ನಿಜವಲ್ಲ! ಶಾಂತಿನಗರದ ಯಂತ್ರದ ಕಥೆ ಇದೇ. ಅದರ ಮೇಲೆ 180 ಎಂದಿತ್ತು. ಕೋಣೆಗೆ ಬೇಕಾದದ್ದು 170. ಲೆಕ್ಕಕ್ಕೆ ಸರಿ. ಆದರೆ 180 ಸಿಗಬೇಕಾದರೆ ಗಿರಣಿಯಂತೆ ಓಡಿಸಬೇಕು. ಹಾಗೆ ಓಡಿಸಿದರೆ ಅಜ್ಜಿಗೆ ನಿದ್ದೆಯಿಲ್ಲ. ನಿಧಾನವಾಗಿ ಓಡಿಸಿದರೆ ನಿದ್ದೆ ಬರುತ್ತದೆ, ಆದರೆ ಗಾಳಿ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಹುಡುಗನಿಗೆ ಉಬ್ಬಸ.

ಇದರಿಂದ ಹೊರಬರುವ ದಾರಿ ಒಂದೇ: ಬೇಕಾದದ್ದಕ್ಕಿಂತ ಇಮ್ಮಡಿ ಶಕ್ತಿಯ ಯಂತ್ರವನ್ನು ತಂದು, ನಡುವಿನ ವೇಗದಲ್ಲಿ ಓಡಿಸುವುದು. ಸಣ್ಣ ಎತ್ತನ್ನು ಓಡೋಡಿಸಿ ಏದುಸಿರು ಬಿಡಿಸುವುದಕ್ಕಿಂತ ದೊಡ್ಡ ಎತ್ತನ್ನು ಅದರ ನಡಿಗೆಯಲ್ಲಿ ನಡೆಯಲು ಬಿಡುವುದು ಮೇಲು. ದೊಡ್ಡ ಯಂತ್ರಕ್ಕೆ ಸ್ವಲ್ಪ ಹೆಚ್ಚು ಬೆಲೆ ಬಿದ್ದೀತು. ಆದರೆ ಆರಿಸಿಟ್ಟ ಯಂತ್ರಕ್ಕಿಂತ ದುಬಾರಿಯಾದ ಯಂತ್ರ ಬೇರೊಂದಿಲ್ಲ. ಅಂಗಡಿಯವನೊಡನೆ ಕೇಳಬೇಕಾದ ಪ್ರಶ್ನೆ ಇಷ್ಟೇ: “ನಡು ವೇಗದಲ್ಲಿ ಎಷ್ಟು ಗಾಳಿ, ಎಷ್ಟು ಸದ್ದು?” ಹೇಳಲಾರನಾದರೆ ಅಂಗಡಿಯಲ್ಲಿಯೇ ಓಡಿಸಲು ಹೇಳಿ, ಪಕ್ಕದಲ್ಲಿ ನಿಂತು ಕೇಳಿರಿ. ಅಂಗಡಿಯ ಗದ್ದಲದಲ್ಲಿಯೂ ಕೇಳಿಸುವ ಸದ್ದು ನಡುರಾತ್ರಿಯ ಕೋಣೆಯಲ್ಲಿ ನಾಲ್ಕು ಪಾಲು ಕೇಳಿಸೀತು.

ಖರ್ಚಿನ ಲೆಕ್ಕ

ಯಂತ್ರದ ಬೆಲೆಯೊಂದೇ ಖರ್ಚಲ್ಲ. ಜರಡಿಯನ್ನು ಬಳಕೆಗೆ ತಕ್ಕಂತೆ ಆರು ತಿಂಗಳಿನಿಂದ ಒಂದು ವರ್ಷದೊಳಗೆ ಬದಲಾಯಿಸಬೇಕು. ಹೆಪಾ ಜರಡಿಯನ್ನು ತೊಳೆದು ಪುನಃ ಹಾಕಲಾಗದು, ತೊಳೆದರೆ ಕೆಟ್ಟುಹೋಗುತ್ತದೆ. ಅದರ ಮುಂದಿರುವ ಒರಟು ಬಲೆಯನ್ನು ಮಾತ್ರ ಹದಿನೈದು ದಿನಕ್ಕೊಮ್ಮೆ ಕೊಡವಿ ಸ್ವಚ್ಛಗೊಳಿಸಿದರೆ ಒಳಗಿನದು ಹೆಚ್ಚು ದಿನ ಬಾಳುತ್ತದೆ. ಕೊಳ್ಳುವ ಮೊದಲೇ ಜರಡಿಯ ಬೆಲೆ ಕೇಳಬೇಕು. ಎರಡು ವರ್ಷದ ಬಳಿಕವೂ ಅದು ಸಿಕ್ಕೀತೇ ಎಂದು ಕೇಳಬೇಕು. ಜರಡಿ ಸಿಗದ ಯಂತ್ರ ಬರಿಯ ಫ್ಯಾನು. ನಮ್ಮ ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸದೆ ಇಟ್ಟರೆ ತೇವಕ್ಕೆ ಜರಡಿಗೇ ಬೂಷ್ಟು ಹಿಡಿಯುವ ಅಪಾಯವಿದೆ. ಓಡಿಸುವುದಿಲ್ಲವಾದರೆ ಬಿಚ್ಚಿ, ಒಣಗಿದ ಚೀಲದಲ್ಲಿ ಕಟ್ಟಿಡುವುದು ಲೇಸು.

ವಿದ್ಯುತ್ತಿನ ಖರ್ಚಿಗೆ ಹೆದರಬೇಕಾಗಿಲ್ಲ. 50 ವಾಟಿನ ಯಂತ್ರ ರಾತ್ರಿ ಹತ್ತು ಗಂಟೆ ಓಡಿದರೆ ಅರ್ಧ ಯೂನಿಟ್. ತಿಂಗಳಿಗೆ ಹದಿನೈದು ಯೂನಿಟ್.

ಕಡಿಮೆ ಖರ್ಚಿನ ದಾರಿಯೂ ಇದೆ. 2020ರಲ್ಲಿ, ಕೋವಿಡ್ ಕಾಲದಲ್ಲಿ, ಅಮೆರಿಕದ ರಿಚರ್ಡ್ ಕಾರ್ಸಿ ಎಂಬ ಇಂಜಿನಿಯರರೂ ಜಿಮ್ ರೋಸೆಂಥಾಲ್ ಎಂಬ ಜರಡಿ ತಯಾರಕರೂ ಸೇರಿ ನಾಲ್ಕು ಜರಡಿಗಳನ್ನು ಪೆಟ್ಟಿಗೆಯ ನಾಲ್ಕು ಗೋಡೆಗಳಂತೆ ನಿಲ್ಲಿಸಿ, ಮೇಲೊಂದು ಚೌಕದ ಫ್ಯಾನನ್ನು ಕೂರಿಸಿ, ಅಂಟುಪಟ್ಟಿಯಿಂದ ಸಂದುಗಳನ್ನು ಮುಚ್ಚಿದ ಮನೆಗೆಲಸದ ಯಂತ್ರವನ್ನು ಪ್ರಚಾರಕ್ಕೆ ತಂದರು. ಅಲ್ಲಿನ ಶಾಲಾಮಕ್ಕಳು ಕೂಡ ಅದನ್ನು ಕಟ್ಟಿದ್ದುಂಟು. ಪೇಟೆಯ ಯಂತ್ರಕ್ಕೆ ಸರಿಸಮನಾಗಿ ಗಾಳಿಯನ್ನು ಸೋಸುತ್ತದೆ. ಎಂ.ಇ.ಆರ್.ವಿ. 13 ಎಂಬ ದರ್ಜೆಯ ಜರಡಿಯನ್ನು ವಿಚಾರಿಸಿ ತರಿಸಬೇಕಾದೀತು. ಕೈಕೆಲಸ ಬಲ್ಲ ಹುಡುಗರಿರುವ ಮನೆಯವರು, ನಮ್ಮ ಶಾಲೆಗಳ ವಿಜ್ಞಾನದ ಮೇಷ್ಟ್ರುಗಳು ಪ್ರಯತ್ನಿಸಿ ನೋಡಬಹುದು.

ಎಂತಹ ಮನೆಗೆ?

ನಾಲ್ಕೂ ಕಡೆ ಬಾಗಿಲು ತೆರೆದಿಟ್ಟು ಯಂತ್ರ ಓಡಿಸಿದರೆ ಅದು ಊರಿನ ಗಾಳಿಯನ್ನೆಲ್ಲ ಸೋಸಲು ಹೊರಟಂತಾಗುತ್ತದೆ. ನಮ್ಮ ಹಂಚಿನ ಮಾಡಿನ ಮನೆಗಳಲ್ಲಿ, ಮುಚ್ಚಿಗೆಯಿಲ್ಲದ ಕೋಣೆಗಳಲ್ಲಿ ಹಂಚಿನ ಸಂದಿನಿಂದ ಗಾಳಿ ಆಡುತ್ತಲೇ ಇರುತ್ತದೆ. ಅಲ್ಲಿ ಯಂತ್ರದಿಂದ ಹೆಚ್ಚಿನ ಫಲವಿಲ್ಲ. ಅಂತಹ ಮನೆಗಳಿಗೆ ಅದರ ಅಗತ್ಯವೂ ಕಡಿಮೆ. ಯಂತ್ರ ಬೇಕಾಗುವುದು ರೋಗಿ ಮಲಗುವ ಒಂದು ಕೋಣೆಗೆ, ಹೊರಗಿನ ಗಾಳಿ ಕೆಟ್ಟಿರುವ ದಿನಗಳಿಗೆ. ಕಿಟಕಿ ಮುಚ್ಚಿ, ಬಾಗಿಲಿನ ಕೆಳಗಿನ ಸಂದಿಗೆ ಹಳೆಯ ಸೀರೆಯ ಸುರುಳಿಯಿಟ್ಟು, ಗೋಡೆಯಿಂದ ಒಂದಡಿ ಈಚೆಗೆ ಯಂತ್ರವನ್ನಿಡಬೇಕು. ಹೊರಗಿನ ಹೊಗೆ ಇಳಿದ ಮೇಲೆ, ಹಗಲಿನಲ್ಲಿ, ಕಿಟಕಿಗಳನ್ನು ತೆರೆದು ಹೊಸಗಾಳಿ ಬಿಡಬೇಕು. ಯಂತ್ರ ಧೂಳನ್ನು ತೆಗೆದೀತು, ಆದರೆ ಮನುಷ್ಯರು ಬಿಟ್ಟ ಉಸಿರನ್ನು ಹೊಸದು ಮಾಡಲಾರದು.

ಶಾಂತಿನಗರದ ಮನೆಯಲ್ಲಿ ಮುಂದೇನಾಯಿತೆಂದು ಓದುಗರು ಕೇಳಬಹುದು. ನಾವು ಅಲ್ಲಿದ್ದ ದಿನಗಳಲ್ಲಿಯೇ ಸೊಳ್ಳೆಬತ್ತಿ ನಿಂತು ಪರದೆ ಬಂತು. ಹಳೆಯ ಯಂತ್ರವನ್ನು ನಡುಕೋಣೆಗೆ ಒಯ್ದು, ಮಲಗುವ ಕೋಣೆಗೆ 350ರ ಅಂಕೆಯ ಇನ್ನೊಂದನ್ನು ತಂದರು. ಅಂಗಡಿಯಲ್ಲಿ ಅದರ ಸದ್ದನ್ನು ಕೇಳಿ ಒಪ್ಪಿಗೆ ಕೊಟ್ಟವರು ಬೇರಾರೂ ಅಲ್ಲ, ಅಜ್ಜಿಯೇ. ಸೊಸೆಯೇ ಅತ್ತೆಯನ್ನು ಕೈಹಿಡಿದು ಅಂಗಡಿಗೆ ಕರೆದೊಯ್ದಿದ್ದಳು. ಮೊನ್ನೆ ಬಂದ ಫೋನಿನಲ್ಲಿ, ನಸುಕಿನಲ್ಲಿ ಎದ್ದು ಕೂರುವುದು ವಾರಕ್ಕೆ ನಾಲ್ಕೈದು ದಿನವಿದ್ದದ್ದು ಒಂದಕ್ಕೆ ಇಳಿದಿದೆಯೆಂದು ತಿಳಿಯಿತು. ಉಬ್ಬಸ ಪೂರ್ತಿ ಹೋಯಿತೇ ಎಂದರೆ, ಇಲ್ಲ. ಡಾಕ್ಟರರು ಕೊಟ್ಟ ಉಸಿರಿನ ಔಷಧಿ, ಇನ್‌ಹೇಲರ್, ಹಾಗೆಯೇ ನಡೆಯುತ್ತಿದೆ, ನಡೆಯಲೇಬೇಕು. ಯಂತ್ರ ತಂದೆವೆಂದು ಔಷಧಿ ಬಿಟ್ಟರೆ ಮಗುವಿನ ಪ್ರಾಣಕ್ಕೇ ಸಂಚಕಾರ ಬಂದೀತು.

ಕೊನೆಯ ಮಾತು

ಗಾಳಿಯಲ್ಲಿ ವಿಷ ಬಂದರೆ ಏನಾಗುತ್ತದೆಂದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುಮಾರು ಇಪ್ಪತ್ತು ವರ್ಷ ಎಂಡೋಸಲ್ಫಾನ್ ಸುರಿಸಿದ್ದನ್ನು ಕಣ್ಣಾರೆ ಕಂಡವರು ನಾವು. 2000ದಲ್ಲಿ ಆ ಸಿಂಪಡಣೆ ನಿಂತಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿಯೇ ಅದನ್ನು ತಡೆಹಿಡಿಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿತು. ಎಣ್ಮಕಜೆಯ, ಮುಳಿಯಾರಿನ ಆ ಮನೆಗಳಿಗೆ ಅಂದು ಒಂದೊಂದು ಗಾಳಿಯಂತ್ರ ಕೊಟ್ಟಿದ್ದರೆ ಸಾಕಾಗುತ್ತಿತ್ತೇ? ಇಲ್ಲ. ಮೇಲಿನಿಂದ ಸುರಿಯುವುದನ್ನು ನಿಲ್ಲಿಸಬೇಕಾಗಿತ್ತು. ನಿಲ್ಲಿಸಿದವರು ಹಳ್ಳಿಯ ಜನರೇ, ಬರೆದು, ಕೂಗಿ, ನ್ಯಾಯಾಲಯದ ಮೆಟ್ಟಿಲೇರಿ.

ಆದ್ದರಿಂದ ಯಂತ್ರ ಬೇಕಾದ ಮನೆಯವರು ಅಂಕೆ ನೋಡಿ, ಸದ್ದು ಕೇಳಿ, ಜರಡಿಯ ಬೆಲೆ ವಿಚಾರಿಸಿ ಅಗತ್ಯವಾಗಿ ತರಲಿ. ಉಬ್ಬಸದ ಮಗುವಿಗೆ ಒಂದು ರಾತ್ರಿಯ ನಿದ್ದೆ ಸಿಕ್ಕರೂ ಆ ಹಣ ವ್ಯರ್ಥವಲ್ಲ. ಆದರೆ ಒಂದು ಕೋಣೆಯ ಗಾಳಿಯನ್ನು ಹಣ ಕೊಟ್ಟು ಸೋಸಬಹುದು. ಊರಿನ ಗಾಳಿಯನ್ನು ಊರಿನವರೇ ಕಾಯಬೇಕು. ಹತ್ತಿಕಟ್ಟಿಗೆ ಸುಡುವವನೊಡನೆ ಒಂದು ಮಾತು, ಬೀದಿಯಲ್ಲಿ ಪ್ಲಾಸ್ಟಿಕ್ಕಿಗೆ ಬೆಂಕಿಯಿಡುವವನೊಡನೆ ಒಂದು ಮಾತು, ನೀರು ಚಿಮುಕಿಸದೆ ರಸ್ತೆ ಅಗೆಯುವವನ ಮೇಲೆ ಪಂಚಾಯತಿಗೆ ಒಂದು ಅರ್ಜಿ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ.